ಅವ್ವ ಎಂದು ಬರೆದಿದ್ದಕ್ಕೆ

ಜನವರಿ 9, 2024. ಮಂಗಳವಾರ, ಬೆಳಿಗ್ಗೆ 7

ವಯೋಲಾ ಅಕ್ಕಾ, ಹೇಗಿದ್ದೀಯ? ಮಂಡಿ ನೋವು ಈ ಚಳಿಗೆ ಏನನ್ನುತ್ತದೆ? ನಿನ್ನ ಮಗಳು ಡೆನೀಸ್‌ಗೆ ಆಸ್ಪತ್ರೆಯಲ್ಲಿ ಹಗಲು ಪಾಳಿ ಸಿಕ್ಕಿತೇ? ಅಳಿಯ ರಾಯ್ಸ್‌ನ ಸಕ್ಕರೆ ಕಾಯಿಲೆ? ಪುಟ್ಟ ಮೇವಿಸ್‌ಗೆ ಹಲ್ಲು ಬಂತೇ? ಡೆನ್ವರ್‌ನಲ್ಲೂ ಹಿಮ ಅಂತೆ, ರೇಡಿಯೋದಲ್ಲಿ ಕೇಳಿದೆ. ನಾನು ಚೆನ್ನಾಗಿದ್ದೇನೆ. ಕೆಮ್ಮು ಇದೆ... ಹಳೆಯ ನೆಂಟ, ಬಂದರೆ ಹೋಗುವುದಿಲ್ಲ.

ಇದು ಕಳಿಸುವ ಕಾಗದವಲ್ಲ. ಅದು ಬೇರೆ, ತಿಂಗಳಿಗೊಂದು, ಅದರಲ್ಲಿ ಹವೆ ಮತ್ತು ತೀರಿಹೋದವರ ಹೆಸರು. ಇದು ನನ್ನ ನೋಟ್‌ಬುಕ್. ಆದರೂ ಪೆನ್ನು ಹಿಡಿದರೆ ನಿನ್ನ ಹೆಸರೇ ಮೊದಲು ಬರುತ್ತದೆ. ನಮ್ಮ ಬುಡಕಟ್ಟಿನಲ್ಲಿ ತಮ್ಮನಾದವನು ಅಕ್ಕನ ಮುಖಕ್ಕೆ ಮುಖ ಕೊಟ್ಟು ಹೆಚ್ಚು ಮಾತಾಡುವಂತಿಲ್ಲ, ಅದು ಮರ್ಯಾದೆ. ಹಾಳೆಗೆ ಆ ಕಟ್ಟು ಇಲ್ಲ.

ಒಲೆ ಹೊತ್ತಿಸಿದೆ. ಕಾಫಿ. ನಿನ್ನೆಯ ಕರಿದ ರೊಟ್ಟಿ. ಭಾವ ಕ್ಲೆಮೆಂಟ್ ಒಂಬತ್ತಕ್ಕೆ ಬರುತ್ತಾನೆ, ಟ್ರಕ್ ಮನಸ್ಸು ಮಾಡಿದರೆ. ಹೆಂಡತಿ ಹೋಗಿ ಆರು ವರ್ಷವಾಯಿತು, ಅವಳ ಅಣ್ಣನ ಬಾಯಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಶರ್ಲಿನ್ ಕರೆದಿದ್ದಾಳೆ. ಮಂಡಳಿಯಿಂದ ಉತ್ತರ ಬಂದಿದೆಯಂತೆ.

ಅದೇ ದಿನ, ಮಧ್ಯಾಹ್ನ 3

ಬಂದಿದೆ. ಒಂದೂವರೆ ಪುಟ. ಶರ್ಲಿನ್ ನಮ್ಮ ಬುಡಕಟ್ಟಿನ ಕಚೇರಿಯಲ್ಲಿ ಮಾಜಿ ಸೈನಿಕರ ಕಾಗದಪತ್ರ ನೋಡುವವಳು. ತಾನೂ ನೌಕಾಪಡೆಯಲ್ಲಿ ಎಂಟು ವರ್ಷ ಇದ್ದವಳು. ಅಕ್ಟೋಬರ್‌ನಲ್ಲಿ ಅರ್ಜಿ ಬರೆದುಕೊಟ್ಟವಳು ಅವಳೇ. ಸೈನ್ಯದ ದಾಖಲೆ ತಿದ್ದುವ ಮಂಡಳಿಯವರು ಕೇಳಿರುವುದು ಇಷ್ಟು: ಆಗ್ನೆಸ್ ಎಂಬಾಕೆಗೂ ಅರ್ಜಿದಾರನಿಗೂ ಏನು ಸಂಬಂಧ? ಪುರಾವೆ ಕಳಿಸಿ. ಮಾರ್ಚ್ 8ರೊಳಗೆ ಅವರ ಕೈಗೆ ಸಿಗಬೇಕು. ಸಿಗದಿದ್ದರೆ ಇದ್ದದ್ದರ ಮೇಲೇ ತೀರ್ಮಾನ.

ಇದ್ದದ್ದರ ಮೇಲೆ ತೀರ್ಮಾನ ಏನಾಗುತ್ತದೆಂದು ನನಗೆ ಗೊತ್ತು. ಐವತ್ಮೂರು ವರ್ಷದ ಹಿಂದೆ ಆಗಿದ್ದೇ.

ನನ್ನ ಮಾತನ್ನೂ ಒಂದು ಹೇಳಿಕೆಯಾಗಿ ಬರೆದುಕೊಡಬೇಕಂತೆ. ಎಂಟನೇ ಕ್ಲಾಸಿಗೆ ಬಿಟ್ಟವನು, ಆಮೇಲಿನದೆಲ್ಲ ಹಳೆಯ ಪೇಪರು ಓದಿ ಕಲಿತದ್ದು ಎಂದೆ. ನೀವು ಹೇಳೋ ಹಾಗೇ ಬರೀರಿ ತಾತ, ತಿದ್ದೋದು ನನ್ನ ಕೆಲಸ ಎಂದಳು.

ಬರುವಾಗ, ಮರೈನ್ ಪಡೆಯಲ್ಲಿದ್ದ ಕ್ಲೆಮೆಂಟ್ ಸಮಾಧಾನ ಹೇಳಿದ. ‘ನೀ ಸತ್ತಾಗ ಪೆಟ್ಟಿಗೆ ಮೇಲೆ ಅವ್ರು ಬಾವುಟ ಹಾಕ್ದಿದ್ರೆ ಚಿಂತೆ ಮಾಡ್ಬೇಡ ಭಾವ. ನನ್ನ ಮರೈನ್ ಟವೆಲ್ ಇದೆ. ಒಂದೇ ತೂತು.’

ಜನವರಿ 11, ಗುರುವಾರ

ಹೇಳಿಕೆ ಬರೆಯಲು ಕೂತೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

1971 ಫೆಬ್ರವರಿ. ವಿಯೆಟ್ನಾಂನಿಂದ ಬಂದು ಕ್ಯಾಂಪಿನಲ್ಲಿದ್ದೆ. ಇನ್ನು ಐದು ತಿಂಗಳು ಕಳೆದರೆ ಮನೆ. ನೀನು ಅಂಗಡಿಯ ಫೋನಿನಿಂದ ಮಾಡಿದೆ. ಅವ್ವ ನಿನ್ನನ್ನೇ ಕೇಳುತ್ತಿದ್ದಾಳೆ, ಬಾ ಎಂದೆ. ನಾನು ತುರ್ತು ರಜೆ ಕೇಳಿದೆ. ಕ್ಯಾಪ್ಟನ್ ಒಳ್ಳೆಯದಾಗಿಯೇ ಮಾತಾಡಿದ, ಊರಿನ ಸರ್ಕಾರಿ ಕಚೇರಿಗೆ ತಂತಿ ಕೊಟ್ಟು ವಿಚಾರಿಸಿದ. ಉತ್ತರ ಬಂತು. ಅರ್ಜಿದಾರನ ತಾಯಿ ರೋಸ್, ಮರಣ 1952. ಆಗ್ನೆಸ್ ಎಂಬಾಕೆ ಆಂಟಿ.

ಸೇರುವಾಗ ಗುಮಾಸ್ತ ತಾಯಿಯ ಹೆಸರು ಕೇಳಿದ್ದ. ಆಗ್ನೆಸ್ ಅಂದಿದ್ದೆ. ಅರೆಗಳಿಗೆಯೂ ಯೋಚಿಸಿರಲಿಲ್ಲ. ಹೆತ್ತವಳು ಹೋದಾಗ ನನಗೆ ಎರಡು ವರ್ಷ, ಅವಳ ಅಕ್ಕ ಆಗ್ನೆಸ್‌ಳ ಸೆರಗಿನಲ್ಲೇ ಬೆಳೆದೆ. ಆದರೆ ವಿಷಯ ಅದೂ ಅಲ್ಲ. ರೋಸ್ ಬದುಕಿದ್ದರೂ ಆಗ್ನೆಸ್ ನನಗೆ ಇನಾ. ನಮ್ಮ ಮಾತಿನಲ್ಲಿ ಹೆತ್ತವಳೂ ಇನಾ, ಅವಳ ಒಡಹುಟ್ಟಿದವಳೂ ಇನಾ. ಅವ್ವಂದಿರು. ಅವರ ಇಂಗ್ಲಿಷಿನಲ್ಲಿ ಅವ್ವನ ಅಕ್ಕನೂ ಆಂಟಿ, ಅಪ್ಪನ ತಂಗಿಯೂ ಆಂಟಿ, ಬೀದಿ ಕೊನೆಯ ಮನೆಯವಳೂ ಆಂಟಿ.

ಕ್ಯಾಪ್ಟನ್ ಎರಡೂ ಕಾಗದ ಪಕ್ಕಪಕ್ಕ ಇಟ್ಟ. ‘ಸೋಲ್ಜರ್, ನಿನ್ನ ತಾಯಿ ಒಟ್ಟು ಎಷ್ಟು ಸಲ ಸಾಯ್ತಾಳೆ?’ ಎಂದ. ಹಿಂದೆ ಕೂತಿದ್ದ ಗುಮಾಸ್ತ ನಕ್ಕ.

ರಜೆಯಿಲ್ಲದೆಯೇ ಗೇಟು ದಾಟಿ ನಡೆದೆ. ಎರಡು ದಿನ ಬಸ್ಸು. ಅವ್ವ ಇನ್ನೂ ಇದ್ದಳು. ಒಂದು ಹಗಲು ಸಿಕ್ಕಿತು.

ನಲವತ್ಮೂರು ದಿನ ಉಳಿದೆ. ಮಣ್ಣು ಮಾಡಿದ ಮೇಲೆ ಅವಳ ಗಂಡ, ನಮ್ಮಪ್ಪ, ಊಟ ಬಿಟ್ಟಿದ್ದ, ಸೌದೆ ಒಡೆಯುವವರಿರಲಿಲ್ಲ ಎಂದು ಅರ್ಜಿಯಲ್ಲಿದೆ. ಅದು ನಿಜ. ಪೂರ್ತಿ ನಿಜವಲ್ಲ. ಬೆಳಿಗ್ಗೆ ಎದ್ದು ಬೂಟು ನೋಡುತ್ತಿದ್ದೆ, ಕಾಲು ಅದರೊಳಗೆ ಹೋಗುತ್ತಿರಲಿಲ್ಲ. ಅದನ್ನೂ ಬರೆಯುತ್ತೇನೆ. ಆಮೇಲೆ ಯಾರಾದರೂ ಹಿಡಿಯಲು ಬರುವ ಮೊದಲೇ ನಾನೇ ವಾಪಸು ಹೋದೆ.

ಕೋರ್ಟ್ ಮಾರ್ಷಲ್ ಬೇಕೋ, ಈ ಬಿಡುಗಡೆಗೆ ರುಜು ಹಾಕುತ್ತೀಯೋ ಎಂದರು. ವಯಸ್ಸು ಇಪ್ಪತ್ತು. ಹಾಕಿದೆ. ಬಿಡುಗಡೆ ಪತ್ರದಲ್ಲಿ ದರ್ಜೆಯ ಎದುರು ಒಂದು ಪದ, ಅರ್ಥ ‘ಬೇಡದವನು’. ಆ ಪದ ಇದ್ದವನಿಗೆ ಸೈನಿಕರ ಆಸ್ಪತ್ರೆ ಇಲ್ಲ, ಪೆಟ್ಟಿಗೆ ಮೇಲೆ ಬಾವುಟ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ತಾಯಿಯ ಬಗ್ಗೆ ಸುಳ್ಳು ಮಾಹಿತಿ ಕೊಟ್ಟಿದ್ದ.’

ಬೇಡದವನು ಎನ್ನುವುದನ್ನು ಹೇಗೋ ಹೊತ್ತೆ. ಆ ಸಣ್ಣ ಅಕ್ಷರ ಆಗಲಿಲ್ಲ. ಸಾಯುವ ಮೊದಲು ಅದು ಹೋಗಬೇಕು.

ರಜೆ ಕೊಟ್ಟರು ಎಂದು ನಿನಗೆ ಹೇಳಿದ್ದೆ. ನೀನು ನಂಬಿದೆ.

ಜನವರಿ 22, ಸೋಮವಾರ

ಕಾಗದ ಹುಡುಕುವ ವಾರ. ಮೂಲನಿವಾಸಿಗಳನ್ನು ನೋಡಿಕೊಳ್ಳುವ ಸರ್ಕಾರಿ ಏಜೆನ್ಸಿಯ ಹಳೆಯ ಕುಟುಂಬ ಪಟ್ಟಿ: ಆರ್ವಲ್ ಟಾಲ್ ಗ್ರಾಸ್, ಅಂದರೆ ನಾನು, ಮನೆಯ ಯಜಮಾನಿಯ ತಂಗಿಯ ಮಗ. ಚರ್ಚಿನ ದೀಕ್ಷಾಸ್ನಾನದ ಪುಸ್ತಕ: ಹೊಣೆ ಹೊತ್ತವಳು ಆಗ್ನೆಸ್, ಆಂಟಿ. ಶಾಲೆಯ ಕಡತ: ಪೋಷಕಿ, ಆಂಟಿ. ಮೂರು ಕಡೆ ಮೂರು ಥರದ ಶಾಯಿ, ಅರ್ಥ ಒಂದೇ.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಇವನು ನಿನ್ನ ಮಗನಾ ಎಂದು ಕೇಳಿರುತ್ತಾರೆ, ಹೌದು ಎಂದಿರುತ್ತಾಳೆ. ನೀನೇ ಹೆತ್ತೆಯಾ ಎಂದಿರುತ್ತಾರೆ, ಇಲ್ಲ ಎಂದಿರುತ್ತಾಳೆ. ಎರಡನೇ ಉತ್ತರ ಬರೆದುಕೊಂಡರು.

ಫೆಬ್ರವರಿ 5, ಸೋಮವಾರ

ಶರ್ಲಿನ್ ಒಂದು ದಾರಿ ಹುಡುಕಿದ್ದಾಳೆ. ತಾಯಿ ತಂದೆಯ ಸ್ಥಾನದಲ್ಲಿ ನಿಂತು ಸಾಕಿದವರಿಗೆ ಕಾನೂನಿನಲ್ಲಿ ಜಾಗ ಇದೆಯಂತೆ. ಹೀಗೆ ಸಿಕ್ಕಿಕೊಂಡ ನಮ್ಮವರು ಬೇರೆಯವರೂ ಇದ್ದಾರಂತೆ. ಮೂರೂ ಕಾಗದ ಅದಕ್ಕೆ ಸಾಕು. ನಾನು ಮಾಡಬೇಕಾದ್ದು ಒಂದೇ ವಾಕ್ಯಕ್ಕೆ ರುಜು. ಟೈಪ್ ಮಾಡಿಟ್ಟಿದ್ದಳು.

‘ನನ್ನ ಆಂಟಿ ಆಗ್ನೆಸ್ ಅವರನ್ನು ತಪ್ಪು ತಿಳುವಳಿಕೆಯಿಂದ ತಾಯಿ ಎಂದು ನಮೂದಿಸಿದ್ದೆ.’

ಪೆನ್ನು ತೆಗೆದುಕೊಂಡೆ. ಓದಿದೆ. ಮತ್ತೆ ಓದಿದೆ. ಪೆನ್ನಿನ ಮುಚ್ಚಳ ಹಾಕಿದೆ.

‘ಯಾಕ್ ತಾತ?’

‘ನಾನು ತಪ್ಪು ಬರೆದಿಲ್ಲ ಮಗಳೇ. ಅವ್ರು ತಪ್ಪು ಓದಿದ್ರು.’

‘ನಂಗೊತ್ತು. ನಂಗ್ ಹೇಳ್ಬೇಡಿ. ಅಲ್ಲಿ ಕೂತಿರೋ ಮೂರು ಜನಕ್ಕೆ ಗೊತ್ತಿಲ್ಲ. ಒಂದು ಫೈಲಿಗೆ ಎಷ್ಟು ಹೊತ್ತು ಕೊಡ್ತಾರೆ ಅನ್ಕೊಂಡಿದೀರಿ? ಇದಕ್ಕೆ ಸೈನ್ ಹಾಕಿದ್ರೆ ಗೆಲ್ತೀರಿ. ಆ ಕೆಮ್ಮಿಗೆ ಸೈನಿಕರ ಆಸ್ಪತ್ರೆಗೆ ಹೋಗ್ತೀರಿ. ಎದೆ ಫೋಟೋ ತೆಗೆಸ್ತೀರಿ.’

ಹಾಳೆ ಮಡಿಸಿ ಜೇಬಿಗೆ ಹಾಕಿಕೊಂಡೆ. ಎರಡು ದಿನ ಕೊಡು ಎಂದೆ.

ಫೆಬ್ರವರಿ 7, ಬುಧವಾರ

ಸುಳ್ಳು ಯಾಕೆ ಹೇಳಲಿ, ನಿನ್ನೆ ಬೆಳಿಗ್ಗೆ ರುಜು ಹಾಕೇಬಿಡೋಣ ಅನ್ನಿಸಿತ್ತು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದಿತ್ತು. ಒಂದು ಸಾಲು. ಅವ್ವ ಎಲ್ಲಿ ನೋಡಲು ಬರುತ್ತಾಳೆ?

ಕ್ಲೆಮೆಂಟ್ ಸೂಪು ತಂದ. ಹಾಳೆ ತೋರಿಸಿದೆ. ಹಾಕು ಮಾರಾಯ, ಹಟ ಯಾಕೆ ಎಂದ. ಕೇಳಿದೆ, ಹೊಳೆಯಾಚೆ ಒಬ್ಬಳು ಇದ್ದಳಲ್ಲ, ನಿನ್ನವ್ವನ ತಂಗಿ. ಅವಳನ್ನು ಏನೆನ್ನುತ್ತಿದ್ದೆ?

‘ಅವ್ವ.’

ಅವಳ ಎದುರು ನಿಂತು ಆಂಟಿ ಅಂದಿದ್ದರೆ?

ಚಮಚ ಕೆಳಗಿಟ್ಟ. ‘ಮನೆ ಬಾಗ್ಲು ತೆಗೀತಿರ್ಲಿಲ್ಲ’ ಎಂದ. ಆಮೇಲೆ ಅವನ ಬಾಯಿ ಅವನಿಗೆ ವಾಪಸು ಬಂತು. ‘ಆದ್ರೆ ಸೇರುವಾಗ ನಾನು ಆಂಟಿ ಅಂತಲೇ ಬರೆಸಿದ್ದೆ ನೋಡು. ಅದ್ಕೇ ಬುದ್ಧಿ ಇರೋರು ಮರೈನ್‌ಗೆ ಹೋಗ್ತಾರೆ, ಉಳಿದೋರು ಆರ್ಮಿಗೆ.’

ಹಾಳೆಯನ್ನು ಒಲೆಗೆ ಹಾಕಲಿಲ್ಲ, ಶರ್ಲಿನ್ ಕಷ್ಟಪಟ್ಟು ಮಾಡಿದ ಕೆಲಸ ಅದು. ನಾಳೆ ಹಾಗೇ ವಾಪಸು ಕೊಡುತ್ತೇನೆ. ರುಜು ಇಲ್ಲ.

ಫೆಬ್ರವರಿ 8, ಗುರುವಾರ

ಕೊಟ್ಟೆ. ಶರ್ಲಿನ್ ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಕಾಫಿ ಕುಡಿದಳು. ಹಾಗಾದರೆ ಒಬ್ಬ ಸಾಕ್ಷಿ ಬೇಕು ಎಂದಳು. ಅದೇ ಮನೆಯಲ್ಲಿ ಬೆಳೆದವರು, ಬದುಕಿರುವವರು, ಆಗ್ನೆಸ್ ಯಾರು ಇವನು ಯಾರು ಎಂದು ಪ್ರಮಾಣ ಮಾಡಿ ಬರೆಯುವವರು. ಕಾಗದ ಹೇಳದ್ದನ್ನು ಮನುಷ್ಯರು ಹೇಳಬೇಕು.

‘ಯಾರಿದಾರೆ ತಾತ?’

ಐದು ಮಕ್ಕಳಿದ್ದೆವು ಆ ಮನೆಯಲ್ಲಿ. ಬೆರಳು ಮಡಿಸಿದೆ. ಒಂದು ಉಳಿಯಿತು. ಅವ್ವ ಹೆತ್ತ ಮಗಳು, ನೀನು.

ಫೆಬ್ರವರಿ 14, ಬುಧವಾರ

ನಿನಗೆ ಫೋನ್ ಮಾಡಿದ್ದೆ, ನಿನಗೇ ಗೊತ್ತು. ಡೆನೀಸ್ ಎತ್ತಿದಳು, ನಿನಗೆ ಕೊಟ್ಟಳು. ಹಿಮದ ಬಗ್ಗೆ ಮಾತಾಡಿದೆವು. ಮೇವಿಸ್‌ಗೆ ಎರಡು ಹಲ್ಲು ಬಂದಿದೆ ಎಂದು ನೀನು ಹೇಳಿದೆ. ಆಮೇಲೆ ನೀನು, ‘ಆ ಕೆಮ್ಮು ಇಲ್ಲೀವರ್ಗೂ ಕೇಳತ್ತೆ. ಸೈನಿಕರ ಆಸ್ಪತ್ರೆ ಇದೆಯಲ್ಲ, ಹೋಗೋಕೇನು ನಿಂಗೆ?’

ದೂರ ಎಂದೆ.

‘ಒಂದೂವರೆ ಗಂಟೆ ದಾರಿ ದೂರವಾ?’

ಟ್ರಕ್ ಕೆಟ್ಟಿದೆ ಎಂದೆ. ಕ್ಯಾಪ್ಟನ್‌ಗೆ ಹೇಳದ ಸುಳ್ಳನ್ನು ನಿನಗೆ ಹೇಳಿದೆ. ಟ್ರಕ್ ಅಂಗಳದಲ್ಲೇ ನಿಂತಿತ್ತು, ಕ್ಲೆಮೆಂಟ್ ಅದರೊಳಗೆ ಕೂತು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ.

ಹೇಳಿದರೆ ನೀನು ಲೆಕ್ಕ ಹಾಕುತ್ತೀಯ. ನಾನು ಫೋನ್ ಮಾಡಿದ್ದಕ್ಕೇ ತಮ್ಮನಿಗೆ ಹೀಗಾಯಿತು ಎನ್ನುತ್ತೀಯ. ಎಪ್ಪತ್ತೇಳು ವರ್ಷದ ಹೆಂಗಸಿನ ತಲೆಯ ಮೇಲೆ ಇದನ್ನು ಹೇಗೆ ಇಡಲಿ?

ಫೆಬ್ರವರಿ 26, ಸೋಮವಾರ

ಹನ್ನೆರಡು ದಿನ ಬರೆದಿಲ್ಲ. ಮಲಗಿದ್ದೆ. ಕ್ಲಿನಿಕ್‌ನವರು ಮಾತ್ರೆ ಕೊಟ್ಟರು, ಮೂರು ದಿನ ಅಲ್ಲೇ ಇಟ್ಟುಕೊಂಡರು. ಕ್ಲೆಮೆಂಟ್ ಬಂದು ಒಲೆ ನೋಡಿಕೊಂಡ. ಅವನ ಕಾಫಿ ಕುಡಿದವರು ಯಾವ ಕಾಯಿಲೆಯಿಂದಲೂ ಎದ್ದು ಓಡುತ್ತಾರೆ.

ಮಲಗಿದ್ದಾಗ ಒಂದು ತಿಳಿಯಿತು. ಇಷ್ಟು ವರ್ಷ ನಿನ್ನನ್ನು ಕಾಪಾಡಿದೆ ಅಂದುಕೊಂಡಿದ್ದೆ. ನಿಜವಾಗಿ ನಿನ್ನಿಂದ ಅಡಗಿಕೊಂಡಿದ್ದೆ.

ಶರ್ಲಿನ್ ಮನೆಗೇ ಬಂದಿದ್ದಳು. ಹನ್ನೊಂದು ದಿನ ಉಳಿದಿದೆ. ನಿನಗಾಗಿ ಒಂದು ಮಾದರಿ ತಂದಿದ್ದಳು, ತುಂಬಿ ರುಜು ಹಾಕಿದರೆ ಆಯಿತು. ಅದರಲ್ಲಿ ‘ಅರ್ಜಿದಾರ ನನಗೆ ಕಸಿನ್’ ಎಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಪೆನ್ನು ತೆಗೆದು ಆ ಸಾಲು ಹೊಡೆದಳು.

‘ಆದ್ರೆ ಕೇಳಿ ತಾತ. ಅವ್ರು ಪ್ರಮಾಣ ಮಾಡಿ ತಮ್ಮ ಅಂತ ಬರೆದ್ರೆ, ಆ ಮೂರು ಕಾಗದ ಪಕ್ಕದಲ್ಲಿಟ್ಟು ಅವರನ್ನೂ ಸುಳ್ಳು ಅನ್ನಬಹುದು. ಅದನ್ನ ಮೊದಲು ಅವ್ರಿಗೆ ಹೇಳಿ. ಹೇಳದೆ ಕೇಳ್ಬೇಡಿ.’

ಹೇಳುತ್ತೇನೆ.

ಫೆಬ್ರವರಿ 27, ಮಂಗಳವಾರ, ಬೆಳಿಗ್ಗೆ 8

ವಯೋಲಾ ಅಕ್ಕಾ, ಇದನ್ನು ಕಳಿಸುತ್ತಿದ್ದೇನೆ. ಜನವರಿ 11ರ ಹಾಳೆಯನ್ನೂ ಹರಿದು ಜೊತೆಗಿಟ್ಟಿದ್ದೇನೆ. ಮೊದಲು ಅದನ್ನು ಓದು. ಕೂತು ಓದು. ಡೆನೀಸ್ ಮನೆಯಲ್ಲಿರುವಾಗ ಓದು.

ಓದಿದೆಯಾ? ಈಗ ಕೇಳು. ನೀನು ಕರೆದೆ, ಅದಕ್ಕೆ ಬಂದೆ. ಕರೆಯದೆ ಇದ್ದಿದ್ದರೆ ಇವತ್ತಿಗೂ ನಿನ್ನ ಮೇಲೆ ಸಿಟ್ಟಿರುತ್ತಿತ್ತು. ಆ ಒಂದು ಹಗಲನ್ನು ಒಳ್ಳೆಯ ಬಿಡುಗಡೆ ಪತ್ರಕ್ಕೆ ಬದಲಾಗಿ ವಾಪಸು ಕೊಡು ಎಂದರೆ ಕೊಡುವುದಿಲ್ಲ. ಆಗಲೂ ಕೊಡುತ್ತಿರಲಿಲ್ಲ. ರಜೆ ಸಿಕ್ಕಿತು ಎಂದದ್ದು ಸುಳ್ಳು. ನನ್ನ ಸುಳ್ಳು ಅದೊಂದೇ. ಟ್ರಕ್ಕಿನದೂ ಸೇರಿಸಿದರೆ ಎರಡು.

ಈಗ ನಿನ್ನಿಂದ ಒಂದು ಬೇಕು. ಖಾಲಿ ಹಾಳೆ ಇಟ್ಟಿದ್ದೇನೆ, ಶರ್ಲಿನ್ ಕಚೇರಿಯ ವಿಳಾಸ ಬರೆದ ಲಕೋಟೆ ಇದೆ. ಆಗ್ನೆಸ್ ನನಗೆ ಯಾರು, ನಾನು ನಿನಗೆ ಯಾರು, ನಿನ್ನ ಕೈಯಲ್ಲೇ ಬರೆದು ರುಜು ಹಾಕು. ನಮ್ಮ ಮಾತಿನಲ್ಲಿ ಯಾರನ್ನು ಏನೆಂದು ಕರೆಯುತ್ತೇವೆ ಎಂದು ಎರಡು ಸಾಲು ಸೇರಿಸು, ಅವರಿಗೆ ಗೊತ್ತಿಲ್ಲ. ಇದನ್ನು ಬರೆದರೆ ನಿನ್ನನ್ನೂ ಸುಳ್ಳುಗಾರ್ತಿ ಎನ್ನಬಹುದು. ಶರ್ಲಿನ್ ಹೇಳಿದ್ದಾಳೆ, ನಾನೂ ಹೇಳುತ್ತಿದ್ದೇನೆ. ಬೇಡ ಎನಿಸಿದರೆ ಬೇಡ ಎಂದೇ ಬರೆ, ನನಗೆ ಬೇಸರವಿಲ್ಲ. ಆದರೆ ಕಸಿನ್ ಎಂದು ಮಾತ್ರ ಬರೆಯಬೇಡ.

ಇನ್ನೊಂದು. ಆ ಹಗಲು ಅವ್ವನಿಗೆ ನಾನು ಲೋಟದಲ್ಲಿ ನೀರು ಹಿಡಿದಿದ್ದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಕುಡಿದು ನನ್ನನ್ನು ನೋಡಿ, ಅವ್ವ ತನ್ನ ಮಗನನ್ನು ಕರೆಯುವ ಮಾತಿನಿಂದ ಕರೆದಳು. ನೀನು ಕೇಳಿಸಿಕೊಂಡಿದ್ದೀಯ. ಐವತ್ಮೂರು ವರ್ಷದಲ್ಲಿ ನಾವಿಬ್ಬರೂ ಅದನ್ನು ಎತ್ತಿಲ್ಲ. ಅದನ್ನು ಬರೆ. ವಾಪಸು ಹೋದಾಗ ಕ್ಯಾಪ್ಟನ್‌ಗೆ ಹೇಳಲು ನನ್ನಿಂದಾಗಲಿಲ್ಲ, ನಾನು ಹೇಳಿದರೆ ಈಗಲೂ ಅದು ನನ್ನ ಮಾತು. ನೀನು ಬರೆದರೆ ಅವಳದು.

ಟಪಾಲಿಗೆ ಮೂರು ದಿನ ಬೇಕು, ಬರಲು ಮೂರು. ಕ್ಲೆಮೆಂಟ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಂಚೆಯ ಗಾಡಿ ಹತ್ತಕ್ಕೆ ಹೊರಡುತ್ತದೆ. ಅಕ್ಕಾ, ಬೇಗ ಬರೆ. ಮಂಡಿ ನೋಯುತ್ತಿದ್ದರೂ ಎದ್ದು ಮೇಜಿಗೆ ಬಂದು, ಇವತ್ತೇ, ಕಾಫಿ ಆರುವ ಮೊದಲೇ —