ಬಯೊನೆಟ್ಟಿನ ಹಿಡಿಯ ಮೇಲಿನ ಸಂಖ್ಯೆ

ಲೋ ತಮ್ಮಾ,

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಬಯೊನೆಟ್, ಆ ಕೋವಿ ತುದಿಯ ಕತ್ತಿ, ಹುಡುಕಿ ಮನೆ ತಲೆಕೆಳಗು ಮಾಡಬೇಡ. ಕೋವಿ ರಿಪೇರಿಯವನ ಅಂಗಡಿಗೆ ನಾನೇ ಒಯ್ಯುತ್ತಿದ್ದೇನೆ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡ ಅಂತ ಬಡಕೊಂಡೆ, ಕೇಳಿದೆಯಾ? ಹಿಡಿಯ ಮೇಲಿನ ಸಂಖ್ಯೆಯ ಕೊನೆಯ ಅಂಕಿ ಅರ್ಧ ಸವೆದುಹೋಗಿದೆ, ಅವನೇ ಓದಿ ಹೇಳಬೇಕು.

ಅದನ್ನು ತೂಗುಹಾಕಲು ಗೋಡೆಗೆ ಮೊಳೆ ಹೊಡೆಯಬೇಡ. "ಶತ್ರು ಕೈಯಿಂದ ಕಿತ್ಕೊಂಡಿದ್ದು" ಅಂತ ಅಜ್ಜ ಹೇಳುತ್ತಿದ್ದದ್ದು ಸುಳ್ಳು. ಅಲಗಿನ ಬುಡದಲ್ಲಿ ಕಿರೀಟದ ಮುದ್ರೆಯಿದೆ, ಅದರ ಕೆಳಗೆ ಬ್ರಿಟಿಷ್ ಕಾರ್ಖಾನೆಯ ಹೆಸರು, ಹಿಂಬದಿಯಲ್ಲಿ ಸರ್ಕಾರಿ ಬಾಣದ ಗುರುತು. ಅಜ್ಜ ಯುದ್ಧ ಮಾಡಿದ್ದೂ ಅದೇ ಕಿರೀಟಕ್ಕಾಗಿ.

ಹಿಡಿಯ ಮೇಲಿನ ಸಂಖ್ಯೆ ಅಜ್ಜನದಲ್ಲ. ಚಿಕ್ಕಜ್ಜಿಯ ಮಂಚದ ಕೆಳಗೆ ಅವಳ ಗಂಡನ, ಅಂದರೆ ಅಜ್ಜನ ತಮ್ಮನ ಟ್ರಂಕಿದೆಯಲ್ಲ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸಿಪಾಯಿ ಸಂಖ್ಯೆಯೇ ಇದು. ದಿನಾ ಕಸ ಗುಡಿಸುವಾಗ ನೋಡುತ್ತೇನೆ. ತನ್ನ ತಮ್ಮ ಯುದ್ಧದಿಂದ ಆಯುಧ ಸಮೇತ ಓಡಿಹೋದ, ಎಲ್ಲೋ ಬದುಕಿದ್ದಾನೆ ಅಂತ ಅಜ್ಜ ಅವಳನ್ನು ನಂಬಿಸಿದ. ಓಡಿಹೋದವನ ಬಯೊನೆಟ್ ಅಣ್ಣನ ಪೆಟ್ಟಿಗೆಗೆ ಹೇಗೆ ಬಂತು? ತಮ್ಮ ಸತ್ತದ್ದನ್ನು ಕಣ್ಣಾರೆ ಕಂಡೂ ಅಜ್ಜ ಬಾಯಿ ಬಿಡಲಿಲ್ಲ. ಇಲ್ಲವೇ, ಅದಕ್ಕಿಂತ ಕೆಟ್ಟದ್ದು ಮಾಡಿದ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ಆ ಅಂಕಿ ಖಚಿತವಾಗುವ ತನಕ ಚಿಕ್ಕಜ್ಜಿಯೆದುರು ತುಟಿ ಪಿಟಕ್ಕೆನ್ನಬೇಡ. ಅವಳ ಮಾತ್ರೆ ಕಿಟಕಿಯಲ್ಲಿದೆ, ಊಟವಾದ ಮೇಲೆ ಕೊಡು. ನಾನು ಬರುವುದು ನಾಳೆ.

ಮಲಗುವಾಗ ಎಂದಿನಂತೆ "ಚಿಲಕ ಹಾಕ್ಬೇಡ್ವೋ, ಅವ್ರು ಬಂದ್ರೆ?" ಅಂತಾಳೆ. ಅವಳಿಗೆ ನಿದ್ದೆ ಹತ್ತಿದ ಮೇಲೆ ನೀನು ಕದ್ದು ಹಾಕುತ್ತೀಯ, ನನಗೆ ಗೊತ್ತು. ಇವತ್ತೊಂದು ರಾತ್ರಿ ಹಾಕಬೇಡ.

ನಾಳೆಯಿಂದ ಅವಳೇ ಹಾಕಿಕೊಳ್ಳುತ್ತಾಳೆ.

ಅಕ್ಕ