ಮಡಚಿದ ತ್ರಿಭುಜಕ್ಕೆ ಸೊನ್ನೆ ಸುತ್ತಿದವರಿಗೆ

ಮಾನ್ಯ ಪರೀಕ್ಷಾಧಿಕಾರಿಗಳೇ,

ಧಾರಾವಿಯ ರಂಜನಾ ಎಂಬ ಒಂಬತ್ತನೆಯ ತರಗತಿಯ ಹುಡುಗಿಯನ್ನು ತಾವು ಗಣಿತದಲ್ಲಿ ಎರಡೇ ಅಂಕಗಳಿಂದ ಅನುತ್ತೀರ್ಣಗೊಳಿಸಿದ್ದೀರಿ. ಅದಕ್ಕಾಗಿ ಆಕೆಯ ಸರಿಯುತ್ತರವೊಂದಕ್ಕೆ ಮೂರರಲ್ಲಿ ಸೊನ್ನೆ ಸುತ್ತಿದ್ದೀರಿ. ಹತ್ತನೆಯ ತರಗತಿಯ ಪಟ್ಟಿ ಶನಿವಾರ ಮುಚ್ಚುತ್ತದೆ. ಅದರಲ್ಲಿ ಹೆಸರಿಲ್ಲದಿದ್ದರೆ ಮಗಳನ್ನು ಶಾಲೆ ಬಿಡಿಸುವುದೆಂದು ತಾಯಿ ಮಲ್ಲಕ್ಕ ನಿಶ್ಚಯಿಸಿದ್ದಾರೆ. ಹೀಗಾಗಿ ಪೀಠಿಕೆಗೆ ನನಗೆ ಪುರುಸೊತ್ತಿಲ್ಲ.

ಪ್ರಶ್ನೆ ಇಷ್ಟೇ: ತ್ರಿಭುಜದ ಎರಡು ಬಾಹುಗಳು ಸಮವಾಗಿದ್ದರೆ ಪಾದಕೋನಗಳೂ ಸಮವೆಂದು ಹಂತಹಂತವಾಗಿ ಸಾಧಿಸಿ. ರಂಜನಾ ಬರೆದಳು: "ತುದಿಯ ಕೋನ ಎರಡು ಸಮಪಾಲಾಗುವಂತೆ ಮಡಚಬೇಕು. ಒಂದು ಬಾಹು ಇನ್ನೊಂದರ ಮೇಲೆ ಕೂರುತ್ತದೆ. ಉದ್ದ ಒಂದೇ ಆದ್ದರಿಂದ ಮೂಲೆಯ ಮೇಲೆ ಮೂಲೆ ಬೀಳುತ್ತದೆ. ಮಡಿಕೆ ಕದಲದ ಕಾರಣ ಪಾದದ ಅರ್ಧದ ಮೇಲೆ ಅರ್ಧ ಕೂರುತ್ತದೆ. ಆದ್ದರಿಂದ ಕೋನಗಳು ಸಮ."

ಇದರಲ್ಲಿ ಯಾವ ಹಂತ ತಪ್ಪಿದೆ? ತಮ್ಮ ಕಚೇರಿಯ ಕಿಟಕಿಯಲ್ಲಿ ವಿಚಾರಿಸಿದೆ. "ಅಂಕಲ್, ಮಾಡೆಲ್ ಆನ್ಸರಲ್ಲಿ ಮಡಚುದು ಇಲ್ಲ. ಸ್ಟೆಪ್ ಮ್ಯಾಚ್ ಆಗ್ಲಿಲ್ಲಾಂದ್ರೆ ಮಾರ್ಕ್ ಇಲ್ಲ," ಎಂದರು ತರುಣಿಯೊಬ್ಬರು. ಕನ್ನಡ ಮಾಧ್ಯಮದ ಉತ್ತರಪತ್ರಿಕೆಗೆ ಸಿಕ್ಕ ಈ ಕನ್ನಡವನ್ನು ಕೇಳಿ ಕೃತಾರ್ಥನಾದೆ.

ಹುಡುಗಿಯ ತಂದೆ ಬಂಡೆಪ್ಪ ಚರ್ಮದ ಚೀಲಗಳನ್ನು ಮಾಡುವವರು. ಮುಚ್ಚಳಕ್ಕೆ ತೊಗಲನ್ನು ನಡುವೆ ಮಡಚಿ, ಎರಡೂ ಪದರಗಳನ್ನು ಒಮ್ಮೆಗೇ ಕತ್ತರಿಸುತ್ತಾರೆ. ಸೊನ್ನೆಯ ಸುದ್ದಿ ಕೇಳಿ ನಕ್ಕುಬಿಟ್ಟರು: "ಮಡಚಿ ಕತ್ತರಿಸಿದ ಮ್ಯಾಲ ಎರಡೂ ಬಾಜು ಬರೋಬ್ಬರಿ ಆಗ್ಲೇಬೇಕಲ್ರಿ ಸರ! ನಿಮ್ಮ ಸಾಹೇಬ್ರು ಒಮ್ಮಿನೂ ಕತ್ತರಿ ಹಿಡದಿಲ್ಲೇನ?" ಮಲ್ಲಕ್ಕ ನಗಲಿಲ್ಲ. "ನಕ್ರ ಪಾಸ್ ಮಾಡ್ತಾರೇನ್ರಿ?" ಎಂದರು.

'ಕೂರುತ್ತದೆ' ಎಂಬುದು ಶಾಸ್ತ್ರೀಯವಲ್ಲ, 'ಐಕ್ಯವಾಗುತ್ತದೆ' ಎನ್ನಬೇಕಿತ್ತು. ಒಪ್ಪಿದೆ. ಅರ್ಧ ಅಂಕ ಕಳೆಯಿರಿ, ಕೆಂಪು ಲೇಖನಿ ನಾನೇ ಕೊಡುತ್ತೇನೆ. ಮೂರರಲ್ಲಿ ಅರ್ಧ ಕಳೆದರೆ ಉಳಿಯುವುದು ಎರಡಕ್ಕಿಂತ ಹೆಚ್ಚೋ ಕಡಿಮೆಯೋ? ಹಂತಹಂತವಾಗಿ ತಾವೇ ಸಾಧಿಸಿ.

ಈಗ ಕಹಿಯಾದ ಒಂದು ಮಾತು. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ನಾನು ನಡೆಸುವ ಭಾನುವಾರದ ಪಾಠದಲ್ಲಿ ಇದೇ ಉತ್ತರವನ್ನು ಆಕೆ ಮೊದಲು ತೋರಿಸಿದ್ದು ನನಗೆ. ಅದನ್ನು ಹೊಡೆದುಹಾಕಿ, ಪುಸ್ತಕದಲ್ಲಿರುವುದನ್ನು ಹತ್ತು ಸಲ ಬರೆಸಿದೆ. "ಸರ್, ಆದ್ರೆ ಇದು ತಪ್ಪಾ?" ಎಂದು ಕೇಳಿದಳು. ಉತ್ತರಿಸದೆ ಮುಂದಿನ ಲೆಕ್ಕಕ್ಕೆ ಹೋದೆ. ಪರೀಕ್ಷೆಯಲ್ಲಿ ಆಕೆ ನನ್ನನ್ನು ನಂಬಲಿಲ್ಲ, ತನ್ನ ಕಣ್ಣನ್ನು ನಂಬಿದಳು.

ಶನಿವಾರದೊಳಗೆ ಅಂಕಗಳನ್ನು ಮರಳಿಸಿ. ಇಲ್ಲವೇ, ಆ ಉತ್ತರ ಏಕೆ ತಪ್ಪೆಂದು ರಂಜನಾಳಿಗೆ ಬರೆದು ತಿಳಿಸಿ. ಆಕೆ ಕೇಳಿದ ಪ್ರಶ್ನೆಗೆ ದೊಡ್ಡವರು ಯಾರೂ ಇನ್ನೂ ಉತ್ತರಿಸಿಲ್ಲ.

ಇಂತಿ,
ತಮಗಿಂತ ಮೊದಲೇ ಆಕೆಗೆ ಸೊನ್ನೆ ಸುತ್ತಿದ ನಿವೃತ್ತ ಉಪಾಧ್ಯಾಯ