ನೋವಿಲ್ಲದ ಗಾಯ

ಪಂಗಾಯ್, ಹಾಪಾಯ್
ಆಗಸ್ಟ್ 11, ಗುರುವಾರ

ಪ್ರೀತಿಯ ಲೋಪೇತಿ,

ಹೇಗಿದ್ದೀಯ? ಬ್ರಿಸ್ಬೇನ್‌ನಲ್ಲಿ ಬೆಳಗಿನ ಹೊತ್ತು ಚಳಿ ಇರುತ್ತದೆ ಎಂದು ಹೇಳಿದ್ದೆ, ಕಂಬಳಿ ಕೊಂಡೆಯೋ ಅಥವಾ ಇನ್ನೂ ಆ ತೆಳು ಹೊದಿಕೆಯಲ್ಲೇ ಮುದುಡಿಕೊಂಡಿದ್ದೀಯೋ? ಊಟ ಹೊತ್ತಿಗೆ ಸರಿಯಾಗಿ ಮಾಡು. ಅಡುಗೆ ಬೇಸರವಾದಾಗಲೆಲ್ಲ ಡಬ್ಬಿಯ ಮಾಂಸ ತೆರೆದು ಹಾಗೇ ತಿಂದು ಮಲಗುವ ನಿನ್ನ ಅಭ್ಯಾಸ ನನಗೆ ಗೊತ್ತು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಮಗಳು ಓಫಾಗೆ ಮುಂದಿನ ಒಂದು ಹಲ್ಲು ಬಿದ್ದಿದೆ, ಬಿದ್ದ ಜಾಗದಿಂದ ನೀರು ಚಿಮ್ಮಿಸುವುದನ್ನು ಕಲಿತಿದ್ದಾಳೆ. ಅಮ್ಮ ಚೆನ್ನಾಗಿದ್ದಾರೆ. ಅಪ್ಪನ ವಿಷಯ ಮಾತ್ರ ಸ್ವಲ್ಪ ಉದ್ದವಿದೆ.

ನೀನು ಫೋನು ಮಾಡಿದಾಗ ಅಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡು "ಏನಿಲ್ಲ ಮಗ, ಒಂದು ಸಣ್ಣ ಉಗುರುಸುತ್ತು, ಈ ಹೆಂಗಸ್ರು ಊರೆಲ್ಲ ಸಾರಿಬಿಟ್ರು" ಎಂದು ನಗಾಡಿ ಇಟ್ಟುಬಿಟ್ಟರು. ನೀನೂ ನಕ್ಕೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ.

ಚರ್ಚಿನ ಹಾಡಿನ ಮೇಳ ನಡೆಸುತ್ತಿದ್ದ ಮನೋವಾ ತೀರಿಕೊಂಡದ್ದು ನಿನಗೆ ಗೊತ್ತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಹಡಗು ಹತ್ತಿದವರು ರಾಜಧಾನಿಯ ದೊಡ್ಡ ಆಸ್ಪತ್ರೆಯಿಂದ ಒಂದೇ ಕಾಲಿನಲ್ಲಿ ಹಿಂದಿರುಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಹೋಗಿಯೇಬಿಟ್ಟರು. ಸಕ್ಕರೆ ಕಾಯಿಲೆಯಿಂದ ನಮ್ಮ ಚರ್ಚಿನಲ್ಲಿ ಹೋದವರು ಅವರೊಬ್ಬರೇ ಅಲ್ಲ. ಮನೋವಾರನ್ನು ಮಣ್ಣು ಮಾಡಿ ಬಂದ ಮೇಲೆ ಊಟಕ್ಕೆ ಕುಳಿತಾಗ, ಎಂದಿನಂತೆ ನೆಲದೊಲೆಯಿಂದ ತೆಗೆದ ಹಂದಿ, ಕುರಿಯ ಕೊಬ್ಬು, ತೆಂಗಿನ ಹಾಲಿನಲ್ಲಿ ಮುಳುಗಿದ ಕೆಸುವಿನೆಲೆಯ ಪೊಟ್ಟಣಗಳು ಒಂದರ ಮೇಲೊಂದು ಬರುತ್ತಲೇ ಇದ್ದವು. ಪಾದ್ರಿಯ ಹೆಂಡತಿ ಹೇಲಾಲಾ ಎದ್ದು ನಿಂತು, "ನಾವು ಮನೋವಾನ ಹೆಸರಲ್ಲಿ ಮನೋವಾನನ್ನ ಕೊಂದದ್ದನ್ನೇ ತಿಂತಾ ಇದ್ದೀವಿ" ಎಂದುಬಿಟ್ಟರು. ಯಾರೂ ತಿನ್ನುವುದನ್ನು ನಿಲ್ಲಿಸಲಿಲ್ಲ. ಮುಂದಿನ ಸೋಮವಾರದಿಂದ ಬೆಳಗಿನ ಗಂಟೆ ಹೊಡೆದ ಕೂಡಲೇ ಚರ್ಚಿನ ಸಭಾಂಗಣದಲ್ಲಿ ವ್ಯಾಯಾಮ ಎಂದು ಅವರು ಸಾರಿದರು. ಮೊದಲ ದಿನ ಹೆಂಗಸರಷ್ಟೇ ಹೋದೆವು. ಗಂಡಸರು ಎದುರಿನ ಗೋಡೆಯ ಮೇಲೆ ಸಾಲಾಗಿ ಕುಳಿತು ನೋಡಿದರು.

ಆ ಗೋಡೆಯ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ನಿನ್ನ ಅಪ್ಪ. "ದ್ವೀಪದ ರಗ್ಬಿ ತಂಡಕ್ಕೆ ಆಡಿದವನಿಗೆ ಕೈಕಾಲು ಅಲ್ಲಾಡಿಸೋದನ್ನ ಪಾದ್ರಿ ಹೆಂಡ್ತಿ ಕಲಿಸ್ತಾಳಂತೆ" ಎಂದರು. ಮನೆಗೆ ಬಂದ ಮೇಲೆ ಅಮ್ಮ ಬೆವರು ಒರೆಸಿಕೊಳ್ಳುತ್ತಾ, "ನಿನ್ನ ಹೊಟ್ಟೆ ಬಾಗಿಲು ದಾಟಿ ಎಷ್ಟೋ ಹೊತ್ತಾದ್ಮೇಲೆ ನೀನು ಬರ್ತೀಯ, ಸೆಮಿಸಿ. ಯಾವ ತಂಡಕ್ಕೆ ಆಡಿದ್ದು ಅಂತ ಈಗ ಯಾರಿಗೂ ನೆನಪಿಲ್ಲ" ಎಂದರು. ಅಷ್ಟೇ ಸಾಕಾಯಿತು. ಮರುದಿನ ಅಪ್ಪ ಎಲ್ಲರಿಗಿಂತ ಮೊದಲು ಸಭಾಂಗಣದಲ್ಲಿದ್ದರು. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ಓಡಾಡಿದ ಮನುಷ್ಯ, ನೀನು ಬಿಟ್ಟುಹೋದ ಹಳೆಯ ರಗ್ಬಿ ಬೂಟುಗಳನ್ನು ಹಾಕಿಕೊಂಡು ಬಂದಿದ್ದರು. ನಿನ್ನ ಕಾಲಿಗಿಂತ ಅವರದು ಅಗಲ. ಆದರೆ ಬೂಟು ಹಾಕಿದರೆ ಆಟಗಾರನಂತೆ ಕಾಣುತ್ತಾರಲ್ಲ.

ಆ ದಿನಗಳಲ್ಲಿ ನಮಗೆ ಯಾರಿಗೂ ಏನೂ ಗೊತ್ತಿರಲಿಲ್ಲ ಎನ್ನಬೇಕು. ಹೇಲಾಲಾ ಬ್ಯಾಂಡಿನ ಹಾಡು ಹಾಕುತ್ತಿದ್ದರು, ನಾವು ಸಿಮೆಂಟು ನೆಲದ ಮೇಲೆ ಧಪಧಪ ಹಾರುತ್ತಿದ್ದೆವು. ಮೈ ಬಿಸಿ ಮಾಡಿಕೊಳ್ಳುವುದಿಲ್ಲ, ನೀರು ಕುಡಿಯುವುದಿಲ್ಲ, ಸುಸ್ತಾದರೆ ನಿಲ್ಲುವುದು ಅವಮಾನ. ಮನೋವಾರ ವಿಧವೆಯ ಮಂಡಿ ಕುಂಬಳಕಾಯಿಯಂತೆ ಊದಿಕೊಂಡ ಮೇಲೆ ಕ್ಲಿನಿಕ್ಕಿನ ನರ್ಸ್ ಲಾವೀನಿಯಾ ಒಂದು ಬೆಳಗ್ಗೆ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಅವಳು ಹಾಡು ನಿಲ್ಲಿಸಿ, "ಇದನ್ನ ಹೀಗೇ ಮಾಡಿದ್ರೆ ನಿಮಗೆಲ್ಲ ಸಕ್ಕರೆ ಕಾಯಿಲೆಯಿಂದ ಸಾಯೋ ಅವಕಾಶವೇ ಸಿಗಲ್ಲ" ಎಂದಳು. ಎಲ್ಲರನ್ನೂ ಹುಲ್ಲಿನ ಮೇಲೆ ಕರೆತಂದಳು. ಮೊದಲು ನಿಧಾನಕ್ಕೆ ನಡೆಸಿದಳು, ಆಮೇಲೆ ಸ್ವಲ್ಪ ಬಿರುಸಾಗಿ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ಮಾತ್ರ. ಮಂಡಿ ನೋವಿರುವವರಿಗೆ ಕುರ್ಚಿ ತರಿಸಿ ಕುಳಿತೇ ಕೈಕಾಲು ಎತ್ತಿಸಿದಳು. ಸಾಲಿನಲ್ಲಿ ನಿಂತವರ ರಕ್ತ ನೋಡಿದಳು. ಸಕ್ಕರೆ ಇರುವವರು ಕಾಲಿಗೆ ಸರಿಹೊಂದುವ ಮೆತ್ತನೆಯ ಬೂಟು ಹಾಕಿಕೊಂಡು, ಮನೆಗೆ ಹೋದ ಮೇಲೆ ಪ್ರತಿದಿನ ಪಾದ ತಿರುಗಿಸಿ ನೋಡಿಕೊಳ್ಳಬೇಕು ಎಂದು ಹೇಳಿದಳು. ಅಪ್ಪ ಆಗ ಮೈದಾನದ ಆಚೆ ತುದಿಯಲ್ಲಿ ಓಡುತ್ತಿದ್ದರು. ನಡೆಯುವುದು ಹೆಂಗಸರಿಗೆ ಎಂದು ಅವರ ವಾದ. ಲಾವೀನಿಯಾ ಕೂಗಿದಳು, ಅವರು ಕೈ ಬೀಸಿ ಇನ್ನೊಂದು ಸುತ್ತು ಹೋದರು.

ತೂಕ ಇಳಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಸೊಂಟಕ್ಕೆ ಸುತ್ತುವ ಚಾಪೆಯ ಹಗ್ಗವನ್ನು ಬಿಗಿ ಮಾಡಿಕೊಂಡು ಕಾವಾ ಬೇರಿನ ನೀರು ಕುಡಿಯುತ್ತಾ ಕೂರುವ ಗಂಡಸರ ಮುಂದೆ ಅಪ್ಪ ತಿರುಗಿ ತಿರುಗಿ ನಿಲ್ಲುತ್ತಿದ್ದರು. ಆಮೇಲೆ ಮನೆಯೊಳಗೂ ಬೂಟು ಬಿಚ್ಚದೆ ಇರತೊಡಗಿದರು. ಅಮ್ಮ ಬೈದರೆ, "ಕಾಲಿಗೆ ಅಭ್ಯಾಸ ಆಗ್ಲಿ ಅಂತ" ಎನ್ನುವರು. ಜಂಬ ಎಂದುಕೊಂಡು ಸುಮ್ಮನಾದೆವು. ಒಂದು ಮಧ್ಯಾಹ್ನ ಅವರು ಅಂಗಳದ ದೊಡ್ಡ ದೀವಿಹಲಸಿನ ಮರದ ನೆರಳಿನಲ್ಲಿ ನಾರು ಹೊಸೆಯುತ್ತಾ ಕುಳಿತಿದ್ದಾಗ ಓಫಾ ಅವರ ಕಾಲ ಬಳಿ ಆಡುತ್ತಿದ್ದಳು. ಎದ್ದು ನನ್ನ ಹತ್ತಿರ ಬಂದು, "ಅಮ್ಮಾ, ಅಜ್ಜನ ಬೂಟಲ್ಲಿ ಮೀನು ಸತ್ತಿದೆ" ಎಂದಳು. ನಾನು ಹೋದೆ. ನೊಣ ಮುತ್ತಿತ್ತು. ಬಲಗಾಲಿನ ಬೂಟಿನ ಹೊಲಿಗೆಯ ಬಳಿ ಒದ್ದೆ ಕಲೆ ಇತ್ತು.

ಅಮ್ಮನನ್ನು ಕರೆದೆ. ಇಬ್ಬರೂ ಸೇರಿ ಬೂಟು ಎಳೆದೆವು. ಕಾಲುಚೀಲದ ಜೊತೆ ಚರ್ಮವೂ ಬಂತು. ಕಿರುಬೆರಳು ಕಪ್ಪಾಗಿತ್ತು, ಅದರ ಪಕ್ಕದ್ದು ಅರ್ಧ. ಬೂಟು ಉಜ್ಜಿ ಎದ್ದ ಬೊಕ್ಕೆ ಒಡೆದು, ಕೊಳೆತು, ಎಷ್ಟು ದಿನವಾಗಿತ್ತೋ. ಅಮ್ಮ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೊಣ ಓಡಿಸತೊಡಗಿದರು. ಅಪ್ಪ ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿ, "ನೋಡಿ, ಒಂಚೂರೂ ನೋವಿಲ್ಲ" ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ವಾಸನೆ ಅವರಿಗೆ ಗೊತ್ತಾಗಿತ್ತು, ಅದಕ್ಕೇ ಬಿಚ್ಚುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಆಟಗಾರ ಬೊಕ್ಕೆ ಎದ್ದಿದೆ ಅಂತ ಹೇಳ್ಕೊಂಡು ತಿರುಗ್ತಾನಾ" ಎಂದರು. ಸುಮ್ಮನಿರು, ಉಪ್ಪುನೀರಿನಲ್ಲಿ ಅದ್ದಿದರೆ ಹೋಗುತ್ತದೆ, ಯಾರಿಗೂ ಹೇಳಬೇಡ ಎಂದರು. ನಾನು ಓಫಾಳನ್ನು ಸೊಂಟದ ಮೇಲೆ ಎತ್ತಿಕೊಂಡು ನೇರ ಕ್ಲಿನಿಕ್ಕಿಗೆ ಹೋದೆ.

ಲಾವೀನಿಯಾ ಬಂದು ಮಂಡಿಯೂರಿ ಕುಳಿತು, ತೆಂಗಿನ ಗರಿಯ ಕಡ್ಡಿಯಿಂದ ಅವರ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, "ಕಣ್ಣು ಮುಚ್ಚಿ, ಮಾವ. ಮುಟ್ಟಿದಾಗ ಹೇಳಿ" ಎಂದಳು. ಅಪ್ಪ ಕಣ್ಣು ಮುಚ್ಚಿ ಕಾಯುತ್ತಾ ಕುಳಿತರು. ಅವಳು ಎಲ್ಲ ಕಡೆ ಮುಟ್ಟಿ ಮುಗಿಸಿ ಕಡ್ಡಿ ಎಸೆದ ಮೇಲೂ ಅವರು ಕಾಯುತ್ತಲೇ ಇದ್ದರು. "ಶುರು ಮಾಡಮ್ಮ" ಎಂದರು. ಆಗ ಅವಳು ಅವರ ಕೈಬೆರಳು ಚುಚ್ಚಿ ರಕ್ತ ನೋಡಿ, "ಸಕ್ಕರೆ ನಿಮ್ಮ ಕಾಲಿನ ನೋವನ್ನ ತಿಂದುಹಾಕಿದೆ, ಮಾವ. ನೋವಿಲ್ಲ ಅಂದ್ರೆ ವಾಸಿ ಅಂತಲ್ಲ. ನಾಳೆ ಹಡಗಿಗೆ ಹೊರಡಿ" ಎಂದಳು. ಅಪ್ಪ ಆಗಲ್ಲ ಎಂದರು. ಹಾಡಿನ ಸ್ಪರ್ಧೆ ಹತ್ತಿರ ಬಂದಿದೆ, ಕೆಳದನಿಗೆ ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂದರು. "ಕಾಲಿಂದ ಹಾಡ್ತೀಯಾ ನೀನು" ಎಂದು ಅಮ್ಮ ಕೇಳಿದರು. ಜಗಳ ಬಹಳ ಹೊತ್ತು ನಡೆಯಿತು, ನೆರೆಯವರು ಬೇಲಿಯ ಬಳಿ ಬಂದು ನಿಂತರು. ಕೊನೆಗೆ ಎಲ್ಲರೂ ದಣಿದು ಕುಳಿತಾಗ ಅಪ್ಪ ನನ್ನ ಕಡೆ ತಿರುಗಿ ಮೆತ್ತಗೆ, "ಹೋಗೋವಾಗ ಮನೋವಾಗೆ ಎರಡು ಕಾಲಿತ್ತು, ಮೆಲೆಯಾನೆ" ಎಂದರು. ಅವರು ಯಾವುದಕ್ಕೆ ಹೆದರಿದ್ದರು ಎಂದು ನನಗೆ ಆಗ ತಿಳಿಯಿತು. ಮನೋವಾ ಹೋಗಲು ತಡ ಮಾಡಿದರು, ಅದಕ್ಕೇ ಹಾಗಾಯಿತು, ನೀವು ತಡ ಮಾಡಬೇಡಿ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ನನ್ನ ಮೇಲಿನ ಸಿಟ್ಟಿಗೆ ಹಡಗಿನಲ್ಲಿ ಇಡೀ ದಾರಿ ಮಾತಾಡಲಿಲ್ಲ. ಆದರೆ ಹಡಗು ಹೊಯ್ದಾಡಿದಾಗಲೆಲ್ಲ ನನ್ನ ಚೀಲದ ಹಿಡಿಯನ್ನು ಹಿಡಿದುಕೊಳ್ಳುತ್ತಿದ್ದರು.

ಎರಡು ಬೆರಳು ತೆಗೆದರು. ಪಾದ ಉಳಿಯಿತು. ಇನ್ನೊಂದು ವಾರ ಬಿಟ್ಟಿದ್ದರೆ ಮಂಡಿಯ ಕೆಳಗೆ ಕತ್ತರಿಸಬೇಕಾಗುತ್ತಿತ್ತು ಎಂದು ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ನನಗೆ ಹೊರಗೆ ಹೇಳಿದರು. ಎಚ್ಚರವಾದ ಮೇಲೆ ಅಪ್ಪ ಹೊದಿಕೆ ಎತ್ತಿ ನೋಡಿದರು, ಆಮೇಲೆ ಇನ್ನೊಂದು ಸಲ ನೋಡಿದರು. ನನ್ನನ್ನು ಮಾತಾಡಿಸಿದ್ದು ಆಗಲೇ. "ಊಟಕ್ಕೇನಿದೆ" ಎಂದರು. ಆಸ್ಪತ್ರೆಯವರು ಬೇಯಿಸಿದ ಮೀನು, ಸ್ವಲ್ಪ ಗೆಣಸು, ಸೊಪ್ಪು ತಂದಿಟ್ಟರು. "ಇದು ಊಟವೋ, ಬೆಕ್ಕಿಗೆ ಇಟ್ಟಿದ್ದೋ" ಎಂದು ಕೇಳಿ, ಎಲ್ಲವನ್ನೂ ತಿಂದರು. ವಾರ್ಡಿನಲ್ಲಿ ಅವರ ಎಡಕ್ಕೂ ಬಲಕ್ಕೂ ಇದ್ದವರಿಗೆ ಮಂಡಿಯಿಂದ ಕೆಳಗೆ ಏನೂ ಇರಲಿಲ್ಲ. ಆ ಇಬ್ಬರ ಜೊತೆ ಅವರು ಏನು ಮಾತಾಡಿದರೋ ನನಗೆ ತಿಳಿಯದು. ಹಿಂದಿರುಗುವ ಹಡಗಿನಲ್ಲಿ, ಲೋಪೇತಿಯ ಆ ಬೂಟುಗಳನ್ನು ಸುಟ್ಟುಬಿಡು ಎಂದು ಮಾತ್ರ ಹೇಳಿದರು. ಸುಟ್ಟೆವು. ಬೇಸರ ಮಾಡಿಕೊಳ್ಳಬೇಡ.

ಈಗ ಬೆಳಗ್ಗೆ ಚರ್ಚಿನ ಹುಲ್ಲಿನ ಮೇಲೆ ಗಂಡಸರೂ ಬರುತ್ತಾರೆ. ಅಪ್ಪ ಕುರ್ಚಿಯ ಸಾಲಿನಲ್ಲಿ ಕುಳಿತು, ಮರಳು ತುಂಬಿದ ಬಾಟಲಿಗಳನ್ನು ಎರಡು ಕೈಯಲ್ಲಿ ಎತ್ತಿ ಇಳಿಸುತ್ತಾರೆ. ಗಾಯ ಪೂರ್ತಿ ಒಣಗುವವರೆಗೆ ನಡೆಯುವಂತಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು ಕಾಲು ಎತ್ತಿಸಿ ಅಂಗಾಲು ನೋಡುತ್ತಾರೆ. ಬಿಗಿಯಾದ ಬೂಟು ಹಾಕಿಕೊಂಡು ಬಂದವರನ್ನು ಮನೆಗೆ ಕಳಿಸುತ್ತಾರೆ. ಕಾವಾ ಕುಡಿಯುವವರು ಅವರಿಗೆ ಪಾದ ನೋಡುವ ಪಾದ್ರಿ ಎಂದು ಹೆಸರಿಟ್ಟಿದ್ದಾರೆ. ಅಪ್ಪನಿಗೆ ಅದು ಹಿಡಿಸಿದೆ ಎಂದು ನನ್ನ ಅನುಮಾನ. ಹಾಡಿನ ಸ್ಪರ್ಧೆಯಲ್ಲಿ ಕುಳಿತೇ ಹಾಡಿದರು, ನಾವು ಗೆಲ್ಲಲಿಲ್ಲ. ಭಾನುವಾರದ ನೆಲದೊಲೆಗೆ ಅಮ್ಮ ಈಗ ಕುರಿಯ ಕೊಬ್ಬು ಇಡುವುದಿಲ್ಲ, ಮೀನು ಇಡುತ್ತಾರೆ. ಅದಕ್ಕಾಗಿ ಮನೆಯಲ್ಲಿ ಪ್ರತಿ ಭಾನುವಾರ ಒಂದು ಸಣ್ಣ ಜಗಳವಿದೆ. ನನ್ನ ರಕ್ತವನ್ನೂ ಮತ್ತೆ ನೋಡಿದರು, ಸದ್ಯಕ್ಕೆ ತೊಂದರೆಯಿಲ್ಲ.

ಇಷ್ಟೇ ಇಲ್ಲಿನ ಸುದ್ದಿ. ನಿನ್ನ ಮೇಲೆ ದೇವರ ನೆರಳಿರಲಿ, ನಿನ್ನ ತಟ್ಟೆಯಲ್ಲಿ ಬಿಸಿ ಅನ್ನವಿರಲಿ ಎಂದು ಅಮ್ಮ ಹೇಳಿ ಬರೆಸಿದ್ದಾರೆ. ಓಫಾ ಬಿದ್ದ ಹಲ್ಲನ್ನು ಕಾಗದದೊಳಗೆ ಇಡಲು ನೋಡಿದಳು, ನಾನು ಬಿಡಲಿಲ್ಲ.

ನಿನ್ನವಳೇ,
ಮೆಲೆಯಾನೆ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ, ಬರೆಯಬೇಕಾಗಿದ್ದದ್ದು ಇದೇ. ನಿನ್ನ ರಗ್ಬಿ ತಂಡದ ವುನಾ ತನ್ನ ಹೆಂಡತಿಗೆ ಹೇಳಿದ, ಅವಳು ನನಗೆ ಹೇಳಿದಳು. ಕಳೆದ ತಿಂಗಳ ಆಟದಲ್ಲಿ ತಲೆಗೆ ಪೆಟ್ಟು ಬಿದ್ದು, ಎದ್ದವನೇ ಎದುರು ತಂಡದವರ ಸಾಲಿನಲ್ಲಿ ಹೋಗಿ ನಿಂತೆಯಂತೆ. ಡಾಕ್ಟರಿಗೆ ಕಾಲು ಜಾರಿತು ಎಂದೆಯಂತೆ. ಬೆಳಕು ನೋಡಲಾಗದೆ ಪರದೆ ಎಳೆದುಕೊಂಡು ಮಲಗುತ್ತೀಯಂತೆ, ಆದರೂ ಈ ಶನಿವಾರ ಆಡುತ್ತೀಯಂತೆ. ಲಾವೀನಿಯಾಳನ್ನು ಕೇಳಿದೆ. ಮೊದಲ ಪೆಟ್ಟು ಮಾಯುವ ಮುಂಚೆ ಇನ್ನೊಂದು ಬಿದ್ದರೆ ಏನಾಗುತ್ತದೆ ಎಂದು ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪನಿಗೂ ತಿಳಿಸಿದೆ. ಅವರು ಹೊಸೆಯುತ್ತಿದ್ದ ನಾರನ್ನು ಕೆಳಗಿಟ್ಟು, "ಆಡಬೇಡ ಅಂತ ಅಪ್ಪ ಹೇಳ್ದ ಅಂತ ಬರಿ. ನನ್ನ ಮಾತು ಅವನು ಕೇಳಲ್ಲ, ನಾನು ಯಾರ ಮಾತು ಕೇಳಿದ್ದೆ. ಲೋಸೆನ ಕಳಿಸು" ಎಂದರು. ಅದಕ್ಕೇ ಈ ಪತ್ರವನ್ನು ನಿನ್ನ ಸೋದರತ್ತೆ ಲೋಸೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅಪ್ಪನ ಅಕ್ಕ ಅವರು, ಅವರೆದುರು ಅಪ್ಪನೇ ತಲೆ ಎತ್ತುವುದಿಲ್ಲ, ನೀನು ಎಷ್ಟರವನು. ಅವರಿಗೆ ಇಂಗ್ಲಿಷ್ ಬಾರದು, ಚಳಿ ಆಗದು, ವಿಮಾನ ಹತ್ತಿದ್ದು ಇದೇ ಮೊದಲು. ನೀನು ಡಾಕ್ಟರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳುವವರೆಗೆ, ಈಗ ನಿನ್ನೆದುರು ಕುಳಿತಿರುವ ಕುರ್ಚಿಯಿಂದ ಏಳುವುದಿಲ್ಲ ಎಂದು ಹೇಳಿ ಹೊರಟಿದ್ದಾರೆ. ದಾರಿಯಲ್ಲಿ ಏನೂ ತಿಂದಿರಲಾರರು. ಮೊದಲು ಅವರಿಗೆ ಚಹಾ ಮಾಡಿಕೊಡು, ಆಮೇಲೆ ಅಂಗಿ ಹಾಕಿಕೊಂಡು ಹೊರಡು.